ಚರಂಡಿಯಿಂದ ಪುಷ್ಕರಣಿಯವರೆಗೆ: ಹರದನಹಳ್ಳಿ ಸೀಮೆಯ ಹೊಳೆಯ ಹಾದಿ

ಹಾಸನ ಜಿಲ್ಲೆಯ ದಕ್ಷಿಣ ಸೀಮೆಗೆ ಎರಡು ಹೊಳೆಗಳ ಆಸರೆಯಿದೆ: ಮೂಡಿಗೆರೆಯ ಕಡೆಯ ಮಲೆನಾಡಿನಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನಲ್ಲಿ ತಂಗಿ, ಹೊಳೆನರಸೀಪುರದ ಮಗ್ಗುಲಲ್ಲಿ ಸಾಗುವ ಹೇಮಾವತಿ ಒಂದು, ಕೊಡಗಿನಿಂದ ಇಳಿದು ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳನ್ನು ಮುಟ್ಟಿ ಹೋಗುವ ಕಾವೇರಿ ಇನ್ನೊಂದು. ಎರಡೂ ಕೊನೆಗೆ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕೂಡುವುದರಿಂದ, ಇಲ್ಲಿನ ಬೀದಿಗಳನ್ನು ತೊಳೆದು ಹರಿದ ಮಳೆನೀರು ಕೆಳಗಿನ ಊರುಗಳ ಕುಡಿಯುವ ನೀರಿನ ಲೆಕ್ಕಕ್ಕೂ ಸೇರುತ್ತದೆ. ಮುಂಗಾರಿನ ಮೊದಲ ವಾರದಲ್ಲಿ ಹಾಸನದಿಂದ ಹೊಳೆನರಸೀಪುರ, ಹರದನಹಳ್ಳಿ, ಅರಕಲಗೂಡುಗಳ ಮೂಲಕ ರಾಮನಾಥಪುರದವರೆಗೆ ಕೈಗೊಂಡ ಈ ಪ್ರಯಾಣದ ಉದ್ದೇಶ, ಆ ನೀರು ಹೊಳೆ ಸೇರುವ ಹಾದಿಯನ್ನೂ ಅದನ್ನು ಕಾಯಲು ಜನ ಮಾಡಿಕೊಂಡ ಏರ್ಪಾಡುಗಳನ್ನೂ ನೋಡುವುದಾಗಿತ್ತು.

ಹಾಸನವನ್ನು ಬಿಡುವ ಮುನ್ನವೇ ನೆನೆಯಬೇಕಾದ ಹೊಳೆ ಯಗಚಿ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿ ಬೇಲೂರನ್ನು ಬಳಸಿ ಗೊರೂರಿನ ಬಳಿ ಹೇಮಾವತಿಗೆ ಸೇರುವ ಈ ಉಪನದಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕರ್ನಾಟಕದವು 17. ಈ ಅಳತೆಯ ಆಧಾರ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ. ಅದು ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೊಳೆ ಪಟ್ಟಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಯಗಚಿಯ ಸ್ಥಾನ ಐದು ವರ್ಗಗಳಲ್ಲಿ ಕೊನೆಯ, ಎಂದರೆ ಕಡಿಮೆ ಕೆಟ್ಟ ವರ್ಗದಲ್ಲಿತ್ತು. ಇಷ್ಟರಲ್ಲೇ ಎಚ್ಚೆತ್ತರೆ ಉಳಿಸಿಕೊಳ್ಳಬಹುದು ಎಂಬುದೇ ಇದರ ಸರಿಯಾದ ಅರ್ಥ.

ಹೊಳೆನರಸೀಪುರದಲ್ಲಿ ಹಿಂದಿನ ರಾತ್ರಿ ಸುರಿದ ಮಳೆ ಬೆಳಿಗ್ಗೆಗೆ ನಿಂತಿತ್ತು. ಪೇಟೆಯ ಒಂದು ಬೀದಿಯ ಚರಂಡಿಯಲ್ಲಿ ಕಪ್ಪು ನೀರು ಹಾಲಿನ ಪ್ಯಾಕೆಟ್ಟು, ಅಡಿಕೆ ಹಾಳೆಯ ತಟ್ಟೆ, ಗುಟ್ಕಾ ಚೀಟಿಗಳನ್ನು ಹೊತ್ತು ಇಳಿಜಾರಿನ ಕಡೆಗೆ ಸಾಗುತ್ತಿತ್ತು. ಮೇಲೆ ತೇಲುತ್ತಿದ್ದ ಎಣ್ಣೆಯ ಪೊರೆ ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಮಳೆನೀರು ಚರಂಡಿಯ ಕೆಲಸ ಮಳೆಯನ್ನು ಮಾತ್ರ ಹೊರುವುದು. ಬಚ್ಚಲು, ಹೋಟೆಲು, ವಾಹನ ತೊಳೆಯುವ ಜಾಗಗಳ ಕೊಳಚೆಯೂ ಅದಕ್ಕೇ ಸೇರಿದಾಗ ಅದು ಶುದ್ಧೀಕರಣ ಘಟಕವನ್ನು ತಪ್ಪಿಸಿ ನೇರವಾಗಿ ಹೊಳೆಗೆ ಹೋಗುವ ಕಳ್ಳದಾರಿಯಾಗುತ್ತದೆ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ, ಸಗಣಿ, ಕಸವೆಲ್ಲ ವರ್ಷದ ಮೊದಲ ಮಳೆಯಲ್ಲಿ ಒಟ್ಟಿಗೆ ಕೊಚ್ಚಿ ಬರುವುದರಿಂದ, ಮೊದಲ ಒಂದೆರಡು ಹದಮಳೆಯ ನೀರೇ ಹೊಳೆಗೆ ಅತಿ ಹೆಚ್ಚು ವಿಷ ತರುತ್ತದೆ.

ಇದೇ ತಾಲ್ಲೂಕಿನ ಹರದನಹಳ್ಳಿ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು 1933ರಲ್ಲಿ ಹುಟ್ಟಿದ ಊರು. ಈ ಬಯಲಿನಲ್ಲಿ ಪೇಟೆಯ ಕಸಕ್ಕಿಂತ ಹೊಲದ ಮಣ್ಣು ದೊಡ್ಡ ಪ್ರಶ್ನೆಯಾಗುತ್ತದೆ: ತಂಬಾಕು, ಆಲೂಗಡ್ಡೆ, ಶುಂಠಿ, ಜೋಳಗಳಿಗೆ ಹಾಕಿದ ಗೊಬ್ಬರ ಮತ್ತು ಔಷಧ ಮಣ್ಣಿನ ಜೊತೆಗೆ ಹಳ್ಳಕ್ಕೆ ಇಳಿಯುತ್ತವೆ, ಮತ್ತು ಇಂಥ ಕಡೆ ಬೆರಳು ತೋರಿಸಲು ಒಂದು ಕೊಳವೆಯೂ ಸಿಗುವುದಿಲ್ಲ. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಕೆರೆ. ಮೇಲಿನ ಕೆರೆಯ ಕೋಡಿ, ಅಂದರೆ ತುಂಬಿದ ನೀರು ಹೊರಬೀಳುವ ಬಾಯಿ, ಕೆಳಗಿನ ಕೆರೆಯನ್ನು ತುಂಬುವಂತೆ ಸರಣಿಯಾಗಿ ಕಟ್ಟಿದ್ದರಿಂದ, ಹರಿವಿನ ರಭಸ ಇಳಿದು, ಹೂಳು ಕೆರೆಯಲ್ಲೇ ಕೂತು, ತಿಳಿನೀರು ಮುಂದೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಆ ಗೋಡುಮಣ್ಣನ್ನು ರೈತರು ಗಾಡಿಗಳಲ್ಲಿ ಹೊಲಕ್ಕೆ ಹೊಡೆದುಕೊಂಡರೆ ಕೆರೆಗೂ ಹೊಲಕ್ಕೂ ಲಾಭ. ಕೆರೆ ಕಟ್ಟಿದವರಿಗೆ ಕೊಡುವ ಭೂಮಿಗೆ ಕಟ್ಟುಕೊಡಗೆ ಎಂದೂ, ಕೆರೆಯ ಉಸ್ತುವಾರಿಗಾಗಿ ತೆಗೆದಿಡುವ ಪಾಲಿಗೆ ಬಿತ್ತುವಟ್ಟ ಎಂದೂ ಶಾಸನಗಳು ಹೇಳುತ್ತವೆ. ತೂಬು ಎತ್ತಿ ನೀರು ಹಂಚುವ ಹೊಣೆ ನೀರುಗಂಟಿಯದಾಗಿತ್ತು. ಕೆರೆಯ ಆರೈಕೆಗೆ ಹಣವನ್ನೂ ಹೊಣೆಗಾರನನ್ನೂ ಹೀಗೆ ಒಟ್ಟಿಗೆ ಗೊತ್ತುಮಾಡಿದ ಪದ್ಧತಿ ಹೋದ ಮೇಲೆ ಕೆರೆಗಳು ಹೂಳು ತುಂಬಿಕೊಂಡವು. ಹಾಸನದ ಹಸಿರುಭೂಮಿ ಪ್ರತಿಷ್ಠಾನದಂಥ ಜನರ ಬಳಗಗಳು ಕೆರೆ, ಕಲ್ಯಾಣಿಗಳ ಹೂಳೆತ್ತಲು ಶ್ರಮದಾನಕ್ಕೆ ಇಳಿದಿರುವುದು ಆ ಹೊಣೆಯನ್ನು ಮತ್ತೆ ಹೊರುವ ಪ್ರಯತ್ನವಾದ್ದರಿಂದ, ಅದು ಮೆಚ್ಚುಗೆಗಿಂತ ಹೆಚ್ಚಾಗಿ ಜೊತೆಗೆ ಗುದ್ದಲಿ ಹಿಡಿಯುವ ಕೈಗಳನ್ನು ಕೇಳುತ್ತದೆ.

ಅರಕಲಗೂಡನ್ನು ದಾಟಿ ರಾಮನಾಥಪುರ ತಲುಪಿದಾಗ ಮಧ್ಯಾಹ್ನವಾಗಿತ್ತು. ಊರಿನ ಕಾವೇರಿಯಲ್ಲಿ ವಹ್ನಿ ಪುಷ್ಕರಣಿ ಎಂದು ಕರೆಯುವ ಆಳವಾದ ಮಡುವಿದೆ, ಅಲ್ಲಿ ಮೀನು ಹಿಡಿಯುವಂತಿಲ್ಲ. ಅದು ದೇವರ ಮೀನು. ಸೋಪಾನದ ಮೇಲೆ ಕೂತ ಹೆಂಗಸೊಬ್ಬರು ಒಂದು ಹಿಡಿ ಪುರಿ ಎರಚಿದರೆ ನೀರು ಕುದಿದಂತೆ ಕದಡಿತು, ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು, ದೊಡ್ಡ ಹುರುಪೆಗಳ ಬೆನ್ನು ಒಂದು ಕ್ಷಣ ಮೇಲೆ ತೋರಿ ಮುಳುಗಿತು. ಮಹಸೀರ್ ಎಂದು ಹೆಸರಾದ ಮೀನುಗಳಲ್ಲಿ ಕಾವೇರಿಯ ಗೂನುಬೆನ್ನಿನ ಬಗೆಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಅತಿ ಗಂಭೀರ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದೆ ಎಂಬುದನ್ನು ನೆನೆದರೆ, ಮಹಸೀರ್ ಕುಲದ ಮೀನುಗಳಿಗೆ ಬಲೆ ಬೀಳದ ಇಂಥ ಮಡುಗಳ ಬೆಲೆ ತಿಳಿಯುತ್ತದೆ. ಕಾವಲುಗಾರನಿಗಿಂತ ಹೆಚ್ಚಾಗಿ ಭಕ್ತಿಯೇ ಈ ಮೀನನ್ನು ಕಾಯುತ್ತಿದೆ.

ಆದರೆ ಆ ಭಕ್ತಿ ಬಲೆಯನ್ನು ತಡೆಯುತ್ತದೆಯೇ ಹೊರತು ಚರಂಡಿಯನ್ನಲ್ಲ. ಮಹಸೀರ್ ಕುಲದ ಮೀನುಗಳು ಮೊಟ್ಟೆಯಿಡುವುದು ಹರಿವ ತಿಳಿನೀರಿನ ಹರಳು ನೆಲದ ಮೇಲೆ. ಹೂಳು ಮುಚ್ಚಿದರೆ ಮೊಟ್ಟೆಗೆ ಆಮ್ಲಜನಕ ಸಿಗದು, ಮಡುವಿನಲ್ಲಿ ಕಾಯ್ದುಕೊಂಡ ಮೀನಿಗೆ ಮರಿಯಾಗದು. ಹೊಳೆಯ ಮೇಲ್ಗಡೆಯ ಕೆರೆಗಳ ಹೂಳನ್ನೂ ಊರುಗಳ ಚರಂಡಿಯ ಕೊಳೆಯನ್ನೂ ಬಿಟ್ಟು ದೇವರ ಮೀನನ್ನು ಮಾತ್ರ ಕಾಯುವುದು ಆಗದ ಕೆಲಸ. ಸೋಪಾನದ ಮೆಟ್ಟಿಲುಗಳ ಸಂದಿಯಲ್ಲಿ ಆ ದಿನ ಸಿಕ್ಕಿಕೊಂಡಿದ್ದವು ಪುರಿಯ ಖಾಲಿ ಪ್ಲಾಸ್ಟಿಕ್ ಕವರುಗಳು. ಹೊಳೆ ಏರಿದರೆ ಅವೂ ಮಡುವಿಗೇ ಹೋಗುತ್ತವೆ.

ರಾಮನಾಥಪುರಕ್ಕೆ ಹೋಗುವವರು ಪುರಿಯನ್ನು ಕಾಗದದ ಪೊಟ್ಟಣದಲ್ಲಿ ಒಯ್ಯಬೇಕು. ಹೋಗದವರು ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲೇ, ತಮ್ಮ ಬೀದಿಯ ಚರಂಡಿಯ ಕಸವನ್ನು ನಿಂತು ತೆಗೆಸಬೇಕು.