ಬಾಲದ ತುದಿಯವರೆಗಿನ ಗೆರೆ

ಕಳೆದ ವರ್ಷ ಈದ್‌ಗೆ ಸಿಕ್ಕ ಹಣದಲ್ಲಿ ಒಂದು ಗಂಡು ಕಾಕಟೂ ಮೀನು ತಂದೆ. ಇದು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ಪುಟ್ಟ ಸಿಕ್ಲಿಡ್ ಮೀನು. ವೈಜ್ಞಾನಿಕ ಹೆಸರು ಅಪಿಸ್ಟೋಗ್ರಾಮ ಕಕಟುವಾಯ್ಡೀಸ್. ಗಂಡಿನ ಬೆನ್ನುರೆಕ್ಕೆಯ ಮುಂದಿನ ಮುಳ್ಳುಗಳು ಕಾಕಟೂ ಗಿಳಿಯ ಜುಟ್ಟಿನಂತೆ ಎದ್ದು ನಿಲ್ಲುತ್ತವೆ. 1951ರಲ್ಲಿ ಹೋಡೆಮನ್ ಎಂಬ ವಿಜ್ಞಾನಿ ಈ ಹೆಸರಿಟ್ಟರು.

ಕೆಲವು ದಿನಗಳ ನಂತರ ಅಂಗಡಿಯವರು "ಇದೇ ಅದರ ಹೆಣ್ಣು" ಎಂದು ಕೊಟ್ಟ ಚಿಕ್ಕ ಹಳದಿ ಮೀನನ್ನೂ ತಂದೆ. ಪ್ರಥಮ ಪಿಯುಸಿಯ ಗೆಳೆಯನೊಬ್ಬನಿಗೆ "ನನ್ನಲ್ಲಿ ಜೋಡಿ ಇದೆ, ಮರಿಯಾದ ಮೇಲೆ ನಿನಗೆ ಕೊಡುತ್ತೇನೆ" ಎಂದು ಜಂಬದಿಂದ ಹೇಳಿ 200 ರೂಪಾಯಿ ಮುಂಗಡವನ್ನೂ ಪಡೆದೆ.

ಎರಡು ತಿಂಗಳಾದರೂ ಮೊಟ್ಟೆಯಿಲ್ಲ. ಗಂಡು ಇಡೀ ದಿನ ಹೆಣ್ಣನ್ನು ಅಟ್ಟಾಡಿಸುತ್ತಿತ್ತು. ಅದರ ಬೆನ್ನುರೆಕ್ಕೆ ಹರಿದಿತ್ತು. "ಪಾಪ, ಅದನ್ನು ಬೇರೆ ಇಡು ಮೋನೇ" ಎಂದರು ಉಮ್ಮ.

ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದಾಗ ಮೊದಲ ಬಾರಿ ಅದನ್ನು ಸರಿಯಾಗಿ ನೋಡಿದೆ. ಮೈಯ ಕಪ್ಪು ಗೆರೆ ಬಾಲದ ತುದಿಯವರೆಗೂ ಹೋಗಿತ್ತು. ಕಾಕಟೂ ಮೀನಿನಲ್ಲಿ ಆ ಗೆರೆ ಬಾಲದ ಬುಡದಲ್ಲೇ ನಿಲ್ಲುತ್ತದೆ. ತುದಿ ಮುಟ್ಟುವ ಗೆರೆ ಅಪಿಸ್ಟೋಗ್ರಾಮ ಅಗಸಿಜಿಯ ಗುರುತು. 1865ರಲ್ಲಿ ಬ್ರೆಜಿಲ್‌ಗೆ ಹೋಗಿ ಮೀನುಗಳನ್ನು ಸಂಗ್ರಹಿಸಿದ ಲೂಯಿ ಅಗಸಿಜ್ ಅವರ ನೆನಪಿಗೆ 1875ರಲ್ಲಿ ಸ್ಟೈನ್‌ಡಾಕ್ನರ್ ಅದಕ್ಕೆ ಆ ಹೆಸರಿಟ್ಟರು. ಇವುಗಳ ಗಂಡುಗಳನ್ನು ಬಾಲ ನೋಡಿಯೇ ಬೇರ್ಪಡಿಸಬಹುದು: ಕಾಕಟೂ ಗಂಡಿನ ಬಾಲಕ್ಕೆ ಎರಡು ಮೊನೆ, ಅಗಸಿಜಿಗೆ ಒಂದೇ. ಹೆಣ್ಣುಗಳಿಗೆ ಆ ಅಂದವಿಲ್ಲ. ಮೊಟ್ಟೆ ಕಾಯುವಾಗ ಎರಡೂ ಹಳದಿಯೇ. ನಾನು ಬಣ್ಣ ನೋಡಿ ನಂಬಿದ್ದೆ.

ತಪ್ಪು ಅಂಗಡಿಯವರದೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ "ಜೋಡಿ" ಎಂದು ಗೆಳೆಯನಿಗೆ ಹೇಳಿದ್ದು ನಾನು. ಮರುದಿನ ಹಣ ಹಿಂದಿರುಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಬೇಸರಿಸಲಿಲ್ಲ. "ಹಾಗಾದರೆ ಇದು ಅಗಸಿಜಿ ಅನ್ನುವುದು ಖಂಡಿತವಾ?" ಎಂದು ಕೇಳಿದ.

ನಾನು ತಡವರಿಸಿದೆ. ಅಗಸಿಜಿಯನ್ನೇ ಹೋಲುವ ಬೇರೆ ಮೀನುಗಳೂ ಇವೆ. ಖಚಿತವಾಗದಿದ್ದರೆ ಬಲ್ಲವರು ಕುಲದ ಹೆಸರಿನ ಮುಂದೆ "ಎಸ್‌ಪಿ." ಎಂದಷ್ಟೇ ಬರೆಯುತ್ತಾರೆ. ಅಂದರೆ ಕುಲ ಗೊತ್ತು, ಪ್ರಭೇದ ತಿಳಿದಿಲ್ಲ.

ಈಗ ಆ ಮೀನು ಬೇರೆ ತೊಟ್ಟಿಯಲ್ಲಿದೆ. ರೆಕ್ಕೆ ಮತ್ತೆ ಬೆಳೆದಿದೆ. ತೊಟ್ಟಿಯ ಮೇಲೆ ಚೀಟಿ ಅಂಟಿಸಿದ್ದೇನೆ: "ಅಪಿಸ್ಟೋಗ್ರಾಮ ಎಸ್‌ಪಿ., ಹೆಣ್ಣು. ಅಗಸಿಜಿ ಇರಬಹುದು."

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ