ನಮ್ಮ ಹಿತ್ತಲು

ನಮ್ಮ ಮನೆಯ ಹಿತ್ತಲು ಏಳೆಂಟು ವರುಷಗಳಿಂದ ಪಾಳುಬಿದ್ದಿದ್ದಿತು. ಆಳೆತ್ತರ ಬೆಳೆದ ಪಾರ್ಥೇನಿಯಂ ಕಳೆಯಲ್ಲಿ ಬಾವಿಯ ಕಟ್ಟೆಯೂ ಬಟ್ಟೆ ಒಗೆಯುವ ಕಲ್ಲೂ ಮರೆಯಾಗಿದ್ದವು. ಹಾವಿನ ಭಯದಿಂದ ಹಿಂಬಾಗಿಲಿಗೆ ಅಗುಳಿ ಹಾಕಿ ನಾವು ನಿಶ್ಚಿಂತರಾಗಿದ್ದೆವು. ಗಂಡುಹುಡುಗರು ಬೀದಿಯಲ್ಲಿ ಆಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. “ಅಮ್ಮಾ, ನಾವೆಲ್ಲಿ ಆಡಬೇಕು?” ಎಂದು ಕಿರಿಯ ಮಗಳು ಕೇಳಿದಂದು ನಮಗೆ ನಾಚಿಕೆಯಾಯಿತು.

1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದ ಈ ಅಮೆರಿಕದ ಕಳೆಯು ಅಲ್ಲಿಂದ ನಾಡೆಲ್ಲಾ ಹಬ್ಬಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ಸೋಂಕಿದರೆ ಹಲವರಿಗೆ ಮೈ ತುರಿಸುವುದು. ಆದುದರಿಂದ ಬೇಸಗೆಯಲ್ಲಿ ಹಳೆಯ ಗಿಡಗಳನ್ನು ಕಡಿಸಿ, ಮೊದಲ ಮಳೆಗೆ ಮೊಳೆತ ಸಸಿಗಳನ್ನು ಹೂಬಿಡುವ ಮುನ್ನವೇ ಕೈಗವಸು ತೊಟ್ಟು ಬೇರುಸಹಿತ ಕಿತ್ತೆವು. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿದೆವು. ನೆಲಕ್ಕೆಲ್ಲಾ ಸಿಮೆಂಟು ಹಾಕಿಸೋಣವೆಂದು ಯಜಮಾನರು ಹೇಳಿದರು. “ಬಾವಿಗೆ ಮಳೆಯ ನೀರು ಇಳಿಯುವುದು ಬೇಡವೇನಪ್ಪಾ?” ಎಂದು ಅತ್ತೆಯವರು ಮಗನನ್ನು ತಡೆದರು, ಮಣ್ಣು ಮಣ್ಣಾಗಿಯೇ ಉಳಿಯಿತು.

ಮರುವರುಷ ಕಳೆಯು ಮತ್ತೆ ತಲೆಯೆತ್ತಿತು. ಮತ್ತೆ ಕಿತ್ತೆವು, ಈಗಲೂ ಪ್ರತಿ ಮಳೆಗಾಲ ಕೀಳುತ್ತಿದ್ದೇವೆ. ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲವಿದು.

ಇಂದು ಬೇವಿನ ಕೊಂಬೆಗೆ ಉಯ್ಯಾಲೆ ಕಟ್ಟಿದೆ. ನೆಲದ ಮೇಲೆ ಕುಂಟೆಬಿಲ್ಲೆಯ ಗೆರೆಗಳಿವೆ. ಬೀದಿಯ ಹುಡುಗರೂ ಒಳಗೆ ಬಂದು ಆಡುವರು. ಅತ್ತೆಯವರು ಒಗೆಯುವ ಕಲ್ಲಿನ ಮೇಲೆ ಕುಳಿತು ಗೆಲುವು ಸೋಲುಗಳ ತೀರ್ಪು ಹೇಳುವರು.

ಸೋದರಿಯರೇ, ಹೆಣ್ಣುಮಕ್ಕಳಿಗೆ ಆಡಲು ಸ್ಥಳವಿಲ್ಲವೆಂದು ನಾವು ತಿಳಿದಿದ್ದೆವು. ಸ್ಥಳವು ಮನೆಯ ಬೆನ್ನಿಗೇ ಇದ್ದಿತು. ಅಗುಳಿ ಹಾಕಿದವರು ನಾವೇ ಆಗಿದ್ದೆವು.