ಬರ್ತೀನ್ರಿ ಅಂದ ಮಾತು

ಈ ಸಲ ಅಡಗಿ ವಿಚಾರ ಬರಿಯಂಗಿಲ್ಲ. ನಾ ಮಾಡಿದ ಒಂದು ತಪ್ಪಿನ ವಿಚಾರ ಬರೀತೀನಿ. ಬರ್ಯಾಕ ಸ್ವಲ್ಪ ನಾಚಿಕಿ ಆಗ್ತೈತಿ. ಆದ್ರ ನಿಮ್ಮ ಮುಂದ ಅಲ್ದ ಇನ್ಯಾರ ಮುಂದ ಹೇಳ್ಲಿ?

ನಮ್ಮ ಓಣಿ ಆ ತುದಿಗೆ ನಮ್ಮ ಸಭೆಯ ಒಬ್ಬ ಆಯಿ ಅದಾರ. ವಯಸ್ಸು ಎಂಬತ್ತು ದಾಟೈತಿ. ಬಾಸೆಲ್ ಮಿಶನ್‌ದವರು ಮಂಗಳೂರಿಗೆ ಬಂದದ್ದು 1834ರಾಗ, ನಮ್ಮ ಧಾರವಾಡಕ್ಕ ಬಂದದ್ದು 1837ರಾಗ. ಆಯಿ ಮನೆತನ ಆ ಹಳೇ ಸಭೆದ್ದು. ಸಣ್ಣಾಕಿದ್ದಾಗಿಂದ ಕೀರ್ತನೆಗಳನ್ನ ಬಾಯಿಪಾಠ ಮಾಡಿದ ಹೆಣಮಗಳು. ಈಗ ಗ್ಲಾಕೋಮಾ ಆಗಿ ಎರಡೂ ಕಣ್ಣು ಹೋಗ್ಯಾವ. ಕಣ್ಣಿಗೆ ಪೊರಿ ಬಂದ್ರ ಆಪರೇಷನ್ ಮಾಡಿ ತಗೀತಾರ, ಮತ್ತ ಕಾಣತೈತಿ. ಈ ಬ್ಯಾನ್ಯಾಗ ಹೋದ ನೋಟ ತಿರುಗಿ ಬರಂಗಿಲ್ಲಂತ.

ಒಂದು ಆಯಿತವಾರ ಆರಾಧನೆ ಮುಗದ ಮ್ಯಾಲ ಮೆಟ್ಟಲಾ ಇಳಿಸೂ ಮುಂದ ಆಯಿ ನನ್ನ ಕೈ ಹಿಡದು, "ಬೈಬಲ್ ಓದೂದು ತಪ್ಪೇತೆವ್ವಾ" ಅಂದ್ರು. ನನಗ ಭಾಳ ಕೆಟ್ಟ ಅನಿಸ್ತು. "ಅದಕ್ಯಾಕ ಚಿಂತಿ ಮಾಡ್ತೀರಿ ಆಯಿ, ಪ್ರತಿ ಗುರುವಾರ ನಾಲ್ಕಕ್ಕ ಬಂದು ನಾ ಓದ್ತೀನ್ರಿ" ಅಂದೆ. ಸುತ್ತ ನಾಕು ಮಂದಿ ನಿಂತಿದ್ರು. ಎಷ್ಟು ಚಲೋ ಮನಸ್ಸಿಂದು ಈಕಿದು ಅಂತ ಎಲ್ಲಾರೂ ನನ್ನ ನೋಡಿದ್ರು. ಖರೇ ಹೇಳ್ತೀನಿ, ಅದೂ ನನಗ ಛಂದ ಅನಿಸ್ತು.

ಮೊದಲನೇ ಗುರುವಾರ ನೀರು ಬಿಟ್ರು. ನಳದ ನೀರು ದಿನಾ ಬರೂ ಊರಲ್ಲ ನಮ್ದು. ನೀರು ಬಂದಾಗ ಬ್ಯಾರಲ್ಲು, ಕೊಡಾ, ಬಕೀಟು ತುಂಬೂದು ಬಿಟ್ಟು ಯಾರು ಹೋಗ್ತಾರ? ಎರಡನೇ ವಾರ ಬೀಗರು ಬಂದ್ರು. ಮೂರನೇ ವಾರ ಶ್ಯಾವಿಗಿ ಮಾಡೂ ಕೆಲಸ ಹಿಡದಿದ್ದೆ. ನಾಲ್ಕನೇ ವಾರ ಯಾಕ ಹೋಗ್ಲಿಲ್ಲ ಅಂದ್ರ ನೆನಪೂ ಇಲ್ಲ. ಒಂದು ಸಲ ತಪ್ಪಿಸಾಕ ಎದಿ ಹೊಡ್ಕೊತೈತಿ, ಮುಂದಿಂದು ಹಗೂರ ಆಗ್ತೈತಿ. ಆಯಿತವಾರ ಸಿಕ್ಕಾಗ ಮಾತ್ರ "ಈ ವಾರ ಬಂದ ಬರ್ತೀನ್ರಿ" ಅಂತಿದ್ದೆ. ಆಯಿ "ಹೂಂ ತಂಗಿ" ಅಂತಿದ್ರು. ಹಿಂಗ ಏಳು ವಾರ ಹೋದ್ವು.

ಒಂದು ಮಂಗಳವಾರ ಕಾಯಿಪಲ್ಲೆ ತರೂ ಮುಂದ ಆಯಿ ಸೊಸಿ ಸಿಕ್ಳು. ಆಕಿ ಮೆತ್ತಗ ಅಂದ್ಳು: "ಕಾಕು, ನಿಮಗ ಆಗಂಗಿಲ್ಲಂದ್ರ ಹೇಳಿಬಿಡ್ರಿ. ಗುರುವಾರ ನಮ್ಮತ್ತಿ ಮಧ್ಯಾಹ್ನ ಮಲಗಂಗಿಲ್ಲ. ಮೂರಕ್ಕ ಮಾರಿ ತೊಳಕೊಂಡು, ಸೀರಿ ಬದಲಿಸಿ, ಬೈಬಲ್ ತೊಡಿ ಮ್ಯಾಲ ಇಟ್ಕೊಂಡು ಪಡಸಾಲ್ಯಾಗ ಕುಂದರ್ತಾರ. ಬಾಜೂಕ ಇನ್ನೊಂದು ಕುರ್ಚಿ ಹಾಕಸ್ತಾರ. ಚಹಾ ಕೊಟ್ರ, ಆಕಿ ಬರ್ಲಿ, ಕೂಡೇ ಕುಡೀತೀವಿ ಅಂತಾರ. ಐದೂವರಿ ತನಕಾ ಹಂಗ ಕುಂತಿರ್ತಾರ."

ನನಗ ಮೊದಲ ಬಂದದ್ದು ಅಳು ಅಲ್ರಿ, ಸಿಟ್ಟು. ನನ್ನ ಮನ್ಯಾಗ ಎಷ್ಟು ಕೆಲಸ ಐತಿ ಅಂತ ಇವರಿಗೇನ ಗೊತ್ತು ಅಂತ. ಹೆಂಗೂ ಆಯಿ ಮನ್ಯಾಗ ಇರ್ತಾರ, ನಾ ಹೋಗದಿದ್ರ ಅವರಿಗೇನು ಖರ್ಚಾಗೂದೈತಿ ಅಂತ ಅಂದ್ಕೊಂಡಿದ್ದೆ ನಾನು. ಆ ಖಾಲಿ ಕುರ್ಚಿ ವಿಚಾರ ಬಂದ ಮ್ಯಾಲ ಸಿಟ್ಟು ಇಳೀತು. ಚೀಲ ಕೈಯಾಗ ಇದ್ದಂಗ ಅವರ ಮನೀಗೆ ಹೋದೆ.

ನನ್ನ ದನಿ ಕೇಳಿ ಆಯಿ, "ಇವತ್ತ ಗುರುವಾರನ?" ಅಂದ್ರು. "ಇಲ್ರಿ ಆಯಿ, ಮಂಗಳವಾರ" ಅಂದೆ. ನೀರು, ಬೀಗರು, ಶ್ಯಾವಿಗಿ ಅಂತ ಹೇಳಾಕ ಸುರು ಮಾಡಿದೆ. ಆಯಿ ಕೈ ಎತ್ತಿ ನಿಲ್ಲಿಸಿದ್ರು. "ಬರಂಗಿಲ್ಲ ಅಂದಿದ್ರ ನಾ ಮಲಕೊಂಡಿರ್ತಿದ್ನೆವ್ವಾ. ಕಾಯೂದು ಭಾಳ ತ್ರಾಸು" ಅಂದ್ರು. ಅಷ್ಟ. ಆಮ್ಯಾಲ ಸೊಸಿಗೆ ಚಹಾ ಇಡಾಕ ಹೇಳಿ, "ಬಂದೀದಿ ಅಂದ ಮ್ಯಾಲ 121ನೇದು ಓದು" ಅಂದ್ರು.

ಆ ರಾತ್ರಿ ನಿದ್ದಿ ಬರ್ಲಿಲ್ಲ. ಎದ್ದು ಮತ್ತಾಯನ ಐದನೇ ಅಧ್ಯಾಯ ತಗದೆ. ಯೇಸು ಆಣಿ ಇಡಬ್ಯಾಡ್ರಿ ಅಂತ ಹೇಳೂ ಭಾಗ. ಆವಾಗಿನ ಮಂದಿ ಆಕಾಶದ ಮ್ಯಾಲ, ಭೂಮಿ ಮ್ಯಾಲ, ಯೆರೂಸಲೇಮಿನ ಮ್ಯಾಲ, ತಮ್ಮ ತಲಿ ಮ್ಯಾಲ ಆಣಿ ಇಡ್ತಿದ್ರಂತ. ಅದ್ಯಾವ್ದೂ ಬ್ಯಾಡ, ಹೌದು ಅಂದ್ರ ಹೌದು, ಇಲ್ಲ ಅಂದ್ರ ಇಲ್ಲ ಆಗಿರ್ಲಿ ಅಂತ ಅಲ್ಲಿ ಮಾತಿನ ಅರ್ಥ. ನಾ ಯಾವತ್ತೂ ದೇವರಾಣಿ ಅಂದಾಕಿ ಅಲ್ಲ. ಅದಕ್ಕ ಈ ಭಾಗ ನನಗ ಸಂಬಂಧ ಇಲ್ಲ ಅಂತ ಇಷ್ಟು ವರ್ಷ ದಾಟಿ ಹೋಗಿದ್ದೆ. ಅವತ್ತ ತಿಳೀತು, ನನ್ನ "ಹೌದು" ಅನ್ನೂದ ಪೊಳ್ಳಾಗಿತ್ತು. ಆ ಹೊತ್ತಿಗೆ ಚಲೋ ಅನಿಸ್ಕೊಬೇಕು, ಅಷ್ಟಕ್ಕ "ಬರ್ತೀನಿ" ಅಂದಿದ್ದೆ.

15ನೇ ಕೀರ್ತನೆದಾಗ ದೇವರ ಗುಡಾರದಾಗ ಇರೂವಂಥವ್ರು ಯಾರು ಅಂತ ಒಂದು ಪ್ರಶ್ನೆ ಐತಿ. ನಷ್ಟ ಆದ್ರೂ ಕೊಟ್ಟ ಮಾತು ಬದಲಿಸದವ್ರು ಅನ್ನೂದು ಅದಕ್ಕ ಕೊಟ್ಟ ಉತ್ತರದಾಗ ಒಂದು. ಮಾತು ಉಳಿಸ್ಕೊಂಡ್ರ ನಮಗ ಏನರ ಲುಕ್ಸಾನ ಆಗೂದ. ನನ್ನ ಲುಕ್ಸಾನ ಎರಡು ಬ್ಯಾರಲ್ ನೀರು. ಅದನ್ನ ನಾ ತಡಕೊಳ್ಳದ, ಏಳು ವಾರ ಆಯಿ ಮ್ಯಾಲ ಹೊರಸಿದ್ದೆ.

ಹನ್ನಳ ಕತಿ ನಿಮಗೆಲ್ಲಾ ಗೊತ್ತೈತಿ. ಮಗಾ ಹುಟ್ಟಿದ್ರ ದೇವರಿಗೆ ಕೊಡ್ತೀನಿ ಅಂತ ಹರಕಿ ಹೊತ್ತು, ಮಲಿ ಬಿಡಿಸಿದ ಮ್ಯಾಲ ಸಮುವೇಲನ್ನ ಶೀಲೋದ ಆಲಯದಾಗ ಬಿಟ್ಟು ಬಂದ್ಳು. ನಾವು ಅಲ್ಲಿಗೇ ಕತಿ ಮುಗಸ್ತೀವಿ. ಮುಂದಿನ ಅಧ್ಯಾಯದಾಗ ಒಂದು ಸಣ್ಣ ಮಾತು ಐತಿ ನೋಡ್ರಿ: ವರ್ಷಾ ವರ್ಷಾ ಒಂದು ಸಣ್ಣ ನಿಲುವಂಗಿ ಮಾಡ್ಕೊಂಡು ಹೋಗಿ ಮಗಗ ಕೊಡ್ತಿದ್ಳಂತ. ಬೆಳಿಯೂ ಹುಡುಗನ ಅಳತಿ ಮನ್ಯಾಗ ಕುಂತು ಅಂದಾಜು ಮಾಡಿ ಹೊಲಿಯೂದು ಅಂದ್ರ ತಾಯಿ ಹೊಟ್ಟಿ ಎಷ್ಟು ಉರದಿರಬೇಕು! ಆಕಿ ಕೊಟ್ಟ ಮಾತು ಒಂದ ದಿನಕ್ಕ ಮುಗೀಲಿಲ್ಲ. ಆಯಿತವಾರ ಮೆಟ್ಟಲದ ಮ್ಯಾಲ ಕೊಟ್ಟ ನನ್ನ ಮಾತೂ ಪ್ರತಿ ಗುರುವಾರ ನಾಲ್ಕಕ್ಕ ಮತ್ತ ಎದ್ದು ನಿಲ್ತೈತಿ.

ಹಂಗಂತ ಬಾಯಿಗೆ ಬಂದದ್ದೆಲ್ಲಾ ನಡಸಬೇಕು ಅಂತಲ್ಲ. ಹೆರೋದ ಅರಸ ಕುಣದ ಹುಡುಗಿಗೆ ಏನ ಬೇಡಿದ್ರೂ ಕೊಡ್ತೀನಿ ಅಂದ. ಆಕಿ ಯೋಹಾನನ ತಲಿ ಬೇಡಿದ್ಳು. ಅವಗ ದುಃಖ ಆತು, ಆದ್ರ ಊಟಕ್ಕ ಕುಂತವರ ಮುಂದ ಮರ್ಯಾದಿ ಹೋಗ್ತೈತಿ ಅಂತ ಕೊಲ್ಲಿಸಿದ. ಅಂಥಲ್ಲೆ ತಪ್ಪಾತು ಅಂತ ಬಾಯಿಬಿಟ್ಟು ಹೇಳೂದ ದೊಡ್ಡದು. ಅವ ಮಾತು ಕೊಟ್ಟಿದ್ದೂ ಮಂದಿ ಮುಂದ, ನಡಸಿದ್ದೂ ಮಂದಿ ಸಲುವಾಗಿ. ಓದಿದಾಗ ನನ್ನ ಮೆಟ್ಟಲದ ಮ್ಯಾಲಿನ ಮಾತು ನೆನಪಾತು.

ಪೇತ್ರನೂ ಹಂಗ. ಊಟದ ಹೊತ್ತಿನ್ಯಾಗ ಪ್ರಾಣಾ ಕೊಡ್ತೀನಿ ಅಂದಾಂವ, ಕೋಳಿ ಕೂಗೂದ್ರಾಗ ಮೂರು ಸಲ ಗೊತ್ತಿಲ್ಲಂದ. ಆಮ್ಯಾಲ ಯೇಸು ಕೆರಿ ದಂಡ್ಯಾಗ ಅವಗ ಮುಂಜಾನಿ ಊಟ ಕೊಟ್ಟು, ನನ್ನ ಮ್ಯಾಲ ಪ್ರೀತಿ ಐತೇನು ಅಂತ ಮೂರು ಸಲ ಕೇಳಿ, ಕುರಿ ಮೇಯಿಸೂ ಕೆಲಸ ಮತ್ತ ಅವಗ ಒಪ್ಪಿಸಿದ. ಆಯಿನೂ ನನಗ ಚಹಾ ಕುಡಿಸಿ, "ಗುರುವಾರ 122" ಅಂತ ಹೇಳಿ ಕಳಿಸಿದ್ರು.

ಈಗ ಒಂದೂವರಿ ವರ್ಷ ಆತು. ಮೂರು ಗುರುವಾರ ತಪ್ಪಿಸೀನಿ. ಮೂರೂ ಸಲ ಮುಂಜಾನೆನ ಫೋನ್ ಮಾಡಿ ಬರಂಗಿಲ್ಲ ಅಂದೀನಿ, ಆಯಿ ಮಲಕೊಂಡಾರ. ಯಾರರ ಪ್ರಾರ್ಥನಾ ಮಾಡ್ರಿ ಅಂದ್ರ "ಮಾಡ್ತೀನ್ರಿ" ಅಂದು ಮರೀತಿದ್ದೆ. ಈಗ ಫೋನ್ ಇಡೂಕಿಂತ ಮೊದಲ ಎರಡು ಮಾತು ಅಲ್ಲೇ ಪ್ರಾರ್ಥಿಸ್ತೀನಿ. ಆಗದ ಕೆಲಸಕ್ಕ "ನೋಡೂಣ" ಅನ್ನೂದು ಕಡಿಮಿ ಮಾಡೀನಿ. "ಇಲ್ಲ" ಅನ್ನಾಕ ಇನ್ನೂ ನಾಲಿಗಿ ತಡವರಸ್ತೈತಿ, ಕಲ್ಯಾಕತ್ತೀನಿ.

ಹೋದ ಗುರುವಾರ ಬರೋಬ್ಬರಿ ನಾಲ್ಕಕ್ಕ ನೀರು ಬಿಟ್ರು ನೋಡ್ರಿ! ಒಂದು ಬ್ಯಾರಲ್ ಅರ್ಧ ತುಂಬಿತ್ತು. ಪೈಪ್ ಬಾಜೂ ಮನಿ ವೈನಿ ಕೈಯಾಗ ಕೊಟ್ಟು ಹೋದೆ. ಓದಾಕ ಕುಂತ ಮ್ಯಾಲೂ ಮನಸ್ಸು ನೀರಿನ್ಯಾಗ ಇತ್ತು. ಆಯಿ ಥಟ್ಟನ, "ಒಂದು ಸಾಲು ಹಾರಿಸಿದಿ ತಂಗಿ" ಅಂದ್ರು. ನೋಡಿದ್ರ ಖರೇ, ಹಾರಿಸಿದ್ದೆ.

ನೀವೂ ಯಾರಿಗರ "ಬರ್ತೀನಿ" ಅಂದಿದ್ರ ಈ ವಾರ ಹೋಗಿ ಬರ್ರಿ. ಹೋಗಾಕ ಆಗಂಗಿಲ್ಲಂದ್ರ ಫೋನ್ ಮಾಡಿ ಹೇಳಿಬಿಡ್ರಿ.